ಇಸವಿ ಎರಡಾದ ಸೆಂಟು

ಅಮೆರಿಕದ ಲಿಂಕನ್ ಸೆಂಟು ಕೈಗೆ ಬಂದರೆ ನನ್ನ ಕಣ್ಣು ಮೊದಲು ಹೋಗುವುದು ಇಸವಿಗೆ. ಆಮೇಲೆ ಲಿಂಕನ್ನರ ಬೆನ್ನ ಹಿಂದಿರುವ ‘ಲಿಬರ್ಟಿ’ಗೆ, ಕೊನೆಗೆ ತಲೆಯ ಮೇಲಿನ ಸಾಲಿಗೆ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ, ಓರೆಯಾಗಿ ಬೀಳುವ ದೀಪದ ಬೆಳಕು ಇದ್ದುಬಿಟ್ಟರೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ.

ಎರಡೆರಡಾಗಿ ಕಾಣುವ ಅಕ್ಷರಗಳು ಬೇಕಾದಷ್ಟು ಸಿಗುತ್ತವೆ. ಅವುಗಳಲ್ಲಿ ಬಹುಪಾಲು ಒಂದು ಸೆಂಟಿಗಿಂತ ಹೆಚ್ಚು ಬಾಳುವುದಿಲ್ಲ. ನಿಜವಾದ ಡಬಲ್ಡ್ ಡೈ ನಾಣ್ಯದಲ್ಲಿ ತಪ್ಪು ನಾಣ್ಯ ಒತ್ತುವ ಅಚ್ಚಿನಲ್ಲೇ, ಅಂದರೆ ಡೈನಲ್ಲೇ, ಇರುತ್ತದೆ. ಹಿಂದೆಲ್ಲ ಡೈ ಮಾಡಲು ಹಬ್ ಎಂಬ ಉಬ್ಬುಚಿತ್ರದ ಅಚ್ಚನ್ನು ಉಕ್ಕಿನ ತುಂಡಿನ ಮೇಲೆ ಒತ್ತಿ, ಉಕ್ಕನ್ನು ಕಾಯಿಸಿ ಮೆತ್ತಗೆ ಮಾಡಿ, ಮತ್ತೆ ಒತ್ತುತ್ತಿದ್ದರು. ಎರಡನೇ ಸಲ ಕೂದಲೆಳೆಯಷ್ಟು ತಿರುಗಿದರೂ ಸಾಕು, ಡೈನಲ್ಲಿ ಎರಡು ಚಿತ್ರ ಮೂಡುತ್ತಿತ್ತು. ಅದರಿಂದ ಬಿದ್ದ ನಾಣ್ಯಗಳಲ್ಲೆಲ್ಲ ಅದೇ ಜೋಡಿ. 1955ರಲ್ಲಿ ಫಿಲಡೆಲ್ಫಿಯಾ ಟಂಕಸಾಲೆಯಿಂದ ಅಂಥ ಸೆಂಟುಗಳು ಅಂದಾಜು 20,000ದಷ್ಟು ಹೊರಬಿದ್ದವು. ಸಿಗರೇಟು ಮಾರುವ ಯಂತ್ರಕ್ಕೆ 25 ಸೆಂಟ್ ಹಾಕಿದವರಿಗೆ ಪ್ಯಾಕಿನ ಹೊದಿಕೆಯೊಳಗೇ ಚಿಲ್ಲರೆಯಾಗಿ ಸಿಕ್ಕವು!

ನನಗೆ ಅತ್ಯಂತ ಇಷ್ಟವಾದ ಜಾಗ ಅಕ್ಷರದ ಮೂಲೆ. ಅಸಲಿಯಲ್ಲಿ ಅದು ಸೀಳಿ ಕವಲೊಡೆದಿರುತ್ತದೆ, ಎರಡೂ ಕವಲು ದುಂಡಗೆ ಉಬ್ಬಿರುತ್ತವೆ, ಒಟ್ಟಾರೆ ಅಕ್ಷರ ದಪ್ಪಗಾಗಿರುತ್ತದೆ. ಅದೇ, ನಾಣ್ಯಕ್ಕೆ ಅಚ್ಚು ಬಿದ್ದ ಕ್ಷಣದಲ್ಲಿ ಸಡಿಲವಾಗಿದ್ದ ಡೈ ಜಾರಿತೆನ್ನಿ, ಆಗತಾನೆ ಮೂಡಿದ ಅಕ್ಷರದ ಅಂಚನ್ನು ಅದು ತಟ್ಟಿ ಚಪ್ಪಟೆ ಮಾಡುತ್ತದೆ. ದೀಪದಡಿ ನಾಣ್ಯವನ್ನು ಮೆಲ್ಲಗೆ ತಿರುಗಿಸಿ: ಪಕ್ಕದಲ್ಲಿ ತಗ್ಗಾದ, ಸಪಾಟಾದ ಮೆಟ್ಟಿಲೊಂದು ಹೊಳೆಯುತ್ತದೆ, ಅಕ್ಷರ ಮಾತ್ರ ಮೊದಲಿಗಿಂತ ಸಣಕಲಾಗಿರುತ್ತದೆ. ಒಂದರಲ್ಲಿ ಲೋಹ ಸೇರಿದೆ, ಇನ್ನೊಂದರಲ್ಲಿ ಇದ್ದದ್ದೇ ಹಿಂಡಿಹೋಗಿದೆ. ಈ ವ್ಯತ್ಯಾಸ ಒಮ್ಮೆ ಕಣ್ಣಿಗೆ ಹತ್ತಿದರೆ ಮತ್ತೆ ಮರೆಯಾಗುವುದಿಲ್ಲ.

ಸವೆದ ಡೈನ ಜೋಡಿ ಮತ್ತೊಂದು ಬಗೆ. ಇಲ್ಲಿ ಗೆರೆಯೇ ಸ್ಪಷ್ಟವಿಲ್ಲ. ನೀರು ತಗುಲಿದ ಬೆಲ್ಲದಚ್ಚಿನ ಅಂಚಿನಂತೆ ಅಕ್ಷರ ಕರಗಿ ಹರಡಿರುತ್ತದೆ. 1955ರ ಇಂಥ ಸೆಂಟುಗಳಲ್ಲಿ ಕೊನೆಯ 5 ಎರಡಾದಂತೆ ಕಾಣುತ್ತದೆ. ಬಡವರ ಡಬಲ್ಡ್ ಡೈ ಎಂದೇ ಅದಕ್ಕೆ ಹೆಸರು. ಅದನ್ನು ಅಸಲಿಯೆಂದು ನಂಬಿಸಿ ಹೊಸಬರಿಂದ ಹಣ ಕೀಳುವವರನ್ನು ಕಂಡರೆ ನನಗೆ ಮೈಯುರಿಯುತ್ತದೆ. ಕೊಳ್ಳುವ ಮುಂಚೆ ಆ 5 ಒಂದನ್ನೇ ನೋಡಬೇಡಿ, ‘ಲಿಬರ್ಟಿ’ಯನ್ನೂ ತಲೆಯ ಮೇಲಿನ ಸಾಲನ್ನೂ ನೋಡಿ. ಅಸಲಿಯಲ್ಲಿ ಅವೂ ಬರಿಗಣ್ಣಿಗೇ ಎರಡೆರಡು.