ಸಂಪಿಗೆಯ ಎಸಳುಗಳನ್ನು ಎಣಿಸಿದ ಮೇಲೆ

ಸಂಪಿಗೆಯ ಮೇಲೆ ದುಂಬಿ ಎರಗುವುದಿಲ್ಲವೆಂಬುದು ನಮ್ಮ ಕಾವ್ಯಪರಂಪರೆಯ ಪ್ರಸಿದ್ಧ ಕವಿಸಮಯಗಳಲ್ಲೊಂದು. 27 ವರ್ಷಗಳಿಂದ ಇದನ್ನು ತರಗತಿಯಲ್ಲಿ ಹೇಳುತ್ತ ಬಂದಿದ್ದೇನೆ. ಒಮ್ಮೆ ವಿದ್ಯಾರ್ಥಿನಿಯೊಬ್ಬಳು ಎದ್ದು ನಿಂತು, "ಸರ್, ದುಂಬಿ ಬಾರದಿದ್ದರೆ ಸಂಪಿಗೆ ಕಾಯಿ ಕಟ್ಟುವುದು ಹೇಗೆ?" ಎಂದು ಕೇಳಿದಳು. "ಕವಿಸಮಯವನ್ನು ಸಸ್ಯಶಾಸ್ತ್ರದಿಂದ ಅಳೆಯಬಾರದಮ್ಮ" ಎಂದು ಕೂರಿಸಿದೆ. ತರಗತಿ ನಕ್ಕಿತು. ಆ ವರ್ಷ ಆಕೆ ಮತ್ತೆ ಪ್ರಶ್ನೆ ಕೇಳಲಿಲ್ಲ.

ಕಳೆದ ವರ್ಷ ಶಿವಮೊಗ್ಗದಲ್ಲಿ ಭಾನುವಾರದ ಸಸ್ಯಚಿತ್ರ ತರಗತಿಗೆ ಸೇರಿದೆ. ಹಸ್ತಪ್ರತಿಗಳನ್ನು ಓದಿ ದಣಿದ ಕಣ್ಣಿಗೆ ಬೇರೊಂದು ಕೆಲಸ ಬೇಕಾಗಿತ್ತು, ಅಷ್ಟೆ. ಕಲಿಸುವವರು ನಿವೃತ್ತ ಚಿತ್ರಕಲಾ ಶಿಕ್ಷಕಿ. ಮೊದಲ ದಿನ ನನ್ನ ಮುಂದೆ ಒಂದು ಸಂಪಿಗೆಯ ಕೊಂಬೆಯನ್ನಿಟ್ಟರು. ಅರ್ಧ ಗಂಟೆಯಲ್ಲಿ ಬಿಡಿಸಿ ಮುಗಿಸಿದೆ. ಅವರು ನೋಡಿ, "ಎಸಳು ಎಣಿಸಿದಿರಾ ಮೇಷ್ಟ್ರೇ?" ಎಂದರು. ನನ್ನ ಹೂವಿಗೆ ಎಂಟು ಎಸಳು, ಎದುರಿಗಿದ್ದುದಕ್ಕೆ 15. ಪಕ್ಕದ ಹೂವಿಗೆ 17. ಎಲೆ ಹೊರಟ ಗಿಣ್ಣುಗಳಲ್ಲಿ ಕೊಂಬೆಯನ್ನು ಸುತ್ತುವರಿದ ಉಂಗುರದಂಥ ಗುರುತೂ ನನ್ನ ಚಿತ್ರದಲ್ಲಿರಲಿಲ್ಲ.

ಗ್ರಂಥಸಂಪಾದನೆಯನ್ನು ಬಲ್ಲವರಿಗೆ ಈ ದೋಷ ಹೊಸದಲ್ಲ. ಲಿಪಿಕಾರನು ಅಪರಿಚಿತ ಪದವೊಂದು ಎದುರಾದಾಗ ತನಗೆ ತಿಳಿದ ಪದವನ್ನು ಬರೆದುಬಿಡುತ್ತಾನೆ. ಆದ್ದರಿಂದಲೇ ಸಂಪಾದಕನು ಕ್ಲಿಷ್ಟತರ ಪಾಠಕ್ಕೆ ಮನ್ನಣೆ ಕೊಡುತ್ತಾನೆ. ಅನ್ಯರ ಪ್ರತಿಗಳಲ್ಲಿ ಇಂಥ ತಪ್ಪುಗಳನ್ನು ಪಟ್ಟಿಮಾಡಿಯೇ ಪಿಎಚ್.ಡಿ. ಪಡೆದ ನಾನು, ಒಂದು ಹೂವಿನ ಮುಂದೆ ಅದೇ ತಪ್ಪನ್ನು ಎಸಗಿದ್ದೆ.

ಅಂದಿನಿಂದ ಡಿವೈಡರಿನಲ್ಲಿ ಪ್ರತಿ ಎಸಳನ್ನೂ ಅಳೆದು, ನಿಜಗಾತ್ರದಲ್ಲಿಯೇ ಗೆರೆ ಎಳೆಯುವುದನ್ನು ಕಲಿತೆ. ಹಳದಿಯ ನೆರಳಿಗೆ ಕಪ್ಪು ಬೆರೆಸಿದರೆ ಬಣ್ಣ ಕೊಳೆಯಾಗುತ್ತದೆ. ತುಸು ನೇರಳೆ ಬೆರೆಸಬೇಕು. ಇದು ಕೈಗೆ ಹತ್ತಲು ಮೂರು ತಿಂಗಳು ಬೇಕಾಯಿತು.

ನಾನು ಕಲಿಯುತ್ತಿದ್ದ ಈ ಊರಿನಲ್ಲಿಯೇ 1840ರ ದಶಕದಲ್ಲಿ ವೈದ್ಯ ಹ್ಯೂ ಕ್ಲೆಗ್‌ಹಾರ್ನ್ ಮರಾಠಿ ಕಲಾವಿದನೊಬ್ಬನಿಂದ ಸುತ್ತಲಿನ ಸಸ್ಯಗಳ ಚಿತ್ರಗಳನ್ನು ಬರೆಯಿಸಿದನು. ಅವು ಇಂದು ಎಡಿನ್‌ಬರೋದ ಸಸ್ಯೋದ್ಯಾನದಲ್ಲಿವೆ. ಬರೆದವನ ಹೆಸರು ಉಳಿದಿಲ್ಲ. ಮದರಾಸಿನಲ್ಲಿ ರಾಬರ್ಟ್ ವೈಟ್ ಮಾತ್ರ ತನ್ನ ಚಿತ್ರಕಾರ ಗೋವಿಂದುವಿನ ಹೆಸರನ್ನು ಆರ್ಕಿಡ್ ಕುಲವೊಂದಕ್ಕಿಟ್ಟು ಗೌರವಿಸಿದನು. ಹೆಸರಿಲ್ಲದ ಆ ಶಿವಮೊಗ್ಗೆಯ ಕೈ, ಪುಷ್ಪಿಕೆಯಲ್ಲಿ ಹೆಸರು ಬರೆಯದೆ ಹೋದ ನಮ್ಮ ಲಿಪಿಕಾರರ ಬಳಗಕ್ಕೆ ಸೇರಿದುದು. ಅದು ಎಸಳುಗಳನ್ನು ಎಣಿಸಿತ್ತು ಎಂಬುದನ್ನು ಈಗ ಬಲ್ಲೆ.

ಒಂದು ಬೆಳಗ್ಗೆ ಹೂವಿನ ಒಳಭಾಗವನ್ನು ಬಿಡಿಸಲು ಎಸಳು ಸರಿಸಿದಾಗ ಗಟ್ಟಿ ರೆಕ್ಕೆಯ ಪುಟ್ಟ ಹುಳುವೊಂದು ಹೊರಬಂದಿತು. ಸಂಪಿಗೆಯ ಕುಟುಂಬದ ಹೂಗಳಲ್ಲಿ ಪರಾಗವನ್ನು ಒಯ್ಯುವುದು ಮುಖ್ಯವಾಗಿ ಇಂಥ ಹುಳುಗಳೇ. ನಮ್ಮ ಕೃಷಿ ಪುಸ್ತಕಗಳು ಇವನ್ನೂ ದುಂಬಿಯೆಂದೇ ಕರೆಯುತ್ತವೆ. ಕಾವ್ಯದ ದುಂಬಿಯಾದರೋ ಮಕರಂದವನ್ನು ಅರಸುವ ಭೃಂಗ. ಕವಿಗಳು ಕಂಡು ಹೇಳಿದರೋ ಕೇಳಿ ಹೇಳಿದರೋ ನಿರ್ಣಯಿಸಲಾರೆ. ಆದರೆ ಆ ಹುಡುಗಿಯ ಪ್ರಶ್ನೆ ಕವಿಸಮಯಕ್ಕೆ ವಿರುದ್ಧವಾಗಿರಲಿಲ್ಲ. ಅದರ ಒಳಗೆ ಪ್ರವೇಶಿಸುವ ದಾರಿಯಾಗಿತ್ತು. ಆ ದಾರಿಯನ್ನು ಮುಚ್ಚಿದವನು ನಾನು.

ಆಕೆ ಈಗ ಪ್ರೌಢಶಾಲೆಯೊಂದರಲ್ಲಿ ಕನ್ನಡ ಕಲಿಸುತ್ತಾಳೆ. ವಿಳಾಸ ಹುಡುಕಿ ಸಂಪಿಗೆಯ ಚಿತ್ರವನ್ನು ಕಳುಹಿಸಿದೆ. ಹುಳುವನ್ನೂ ಅದರಲ್ಲಿ ಬಿಡಿಸಿದ್ದೆ. ಹಿಂಬದಿಯಲ್ಲಿ "ನಿನ್ನ ಪ್ರಶ್ನೆಗೆ ಉತ್ತರ, ತಡವಾಯಿತು, ಕ್ಷಮಿಸಮ್ಮ" ಎಂದು ಬರೆದೆ. ಈ ವರ್ಷದಿಂದ ಆ ಪಾಠದ ದಿನ ತರಗತಿಗೆ ಒಂದು ಸಂಪಿಗೆಯ ಕೊಂಬೆಯನ್ನು ಒಯ್ಯುತ್ತೇನೆ. ಕವಿಸಮಯವನ್ನು ವಿವರಿಸುವುದು ಎಸಳುಗಳನ್ನು ಎಣಿಸಿದ ಮೇಲೆ.