ಎರಡು ಗುರುತುಗಳು

ಮಿರಜದಲ್ಲಿ ತಂಬೂರಿ ತಯಾರಿಸುವವರ ಓಣಿಯನ್ನು ಹಾದುಹೋಗುವಾಗಲೆಲ್ಲ ನನ್ನ ಹೆಜ್ಜೆ ನಿಧಾನವಾಗುತ್ತದೆ. ಉಳಿ, ಅರ, ಅಂಟು, ತಂತಿ, ಎಲ್ಲವೂ ಕುಳಿತವನ ಕೈಯಳತೆಯಲ್ಲೇ ಇರುತ್ತವೆ. ಪಂಢರಪುರದ ಕಡೆಯಿಂದ ಬಂದ ಸೋರೆಬುರುಡೆ ಅಲ್ಲಿಯೇ ನಾದದ ಪಾತ್ರೆಯಾಗುತ್ತದೆ. ಜಾವಾ ಭಾಷೆಯಲ್ಲಿ ತಂತ್ರಾಂಶ ಬರೆದು ಹೊಟ್ಟೆ ಹೊರೆಯುವ ನನಗೂ ಅಂಥದೊಂದು ಕಮ್ಮಟ ಉಂಟು. ಅದರ ಹೆಸರು ಎಕ್ಲಿಪ್ಸ್.

ಸನ್ ಕಂಪನಿಯು ಜಾವಾವನ್ನು ಲೋಕಕ್ಕೆ ಕೊಟ್ಟದ್ದು 1995ರಲ್ಲಿ. ಮರುವರ್ಷ ಪ್ರಾಗ್ ನಗರದ ವಿದ್ಯಾರ್ಥಿಗಳು ಆರಂಭಿಸಿದ ಕೆಲಸವೇ ಮುಂದೆ ನೆಟ್‌ಬೀನ್ಸ್ ಆಯಿತು. 2001ರಲ್ಲಿ ಇಂಟೆಲಿಜೆ ಐಡಿಯಾ ಬಂದಿತು; ಅದೇ ವರ್ಷ ಐಬಿಎಂ ಎಕ್ಲಿಪ್ಸನ್ನು ಎಲ್ಲರಿಗೂ ಮುಕ್ತವಾಗಿ ತೆರೆದಿಟ್ಟಿತು. ಬರೆಯುವುದು, ತಪ್ಪು ತೋರಿಸುವುದು, ಓಡಿಸುವುದು, ನಡುವೆ ತಡೆದು ಪರೀಕ್ಷಿಸುವುದು ಇವೆಲ್ಲ ಒಂದೇ ಕಿಟಕಿಯಲ್ಲಿ ನಡೆಯುವುದೇ ಇವುಗಳ ವೈಶಿಷ್ಟ್ಯ.

ನಾನು ಜತ್ತ ತಾಲೂಕಿನವನು. ಕನ್ನಡ ಶಾಲೆಯಲ್ಲಿ ಓದಿ, ಸಾಂಗಲಿಯಲ್ಲಿ ಎಂಜಿನಿಯರಿಂಗ್ ಕಲಿಯುತ್ತಿದ್ದೆ. 2009ರ ಬೇಸಿಗೆಯಲ್ಲಿ ಮಿರಜದ ಒಂದು ಪುಟ್ಟ ಕನ್ನಡ ವಾಚನಾಲಯಕ್ಕೆ ಪುಸ್ತಕಗಳ ಯಾದಿಯ ತಂತ್ರಾಂಶವನ್ನು ಮಾಡಿಕೊಡಲು ಒಪ್ಪಿಕೊಂಡೆ. ಅದನ್ನು ನೋಡಿಕೊಳ್ಳುತ್ತಿದ್ದವರು ನಿವೃತ್ತ ಮಾಸ್ತರರು. ಎಪ್ಪತ್ತು ದಾಟಿದ ಅವರು ಒಂದೇ ಬೆರಳಿನಿಂದ ಕನ್ನಡ ಟೈಪು ಮಾಡಲು ಕಲಿತು, ಒಂದು ದಿನವಿಡೀ ಕುಳಿತು ನೂರಿಪ್ಪತ್ತು ಪುಸ್ತಕಗಳ ಹೆಸರು ತುಂಬಿದರು. ಸಂಜೆ ಹುಡುಕಿ ನೋಡಿದರೆ ಎಲ್ಲವೂ ಸರಿಯಾಗಿ ದೊರೆಯುತ್ತಿದ್ದವು.

ಮರುದಿನ ಬೆಳಿಗ್ಗೆ ಯಂತ್ರವನ್ನು ತೆರೆದರೆ ಪರದೆಯ ತುಂಬ ಪ್ರಶ್ನಾರ್ಥಕ ಚಿಹ್ನೆಗಳು.

"ತಮ್ಮಾ, ನನ್ನ ಪುಸ್ತಕ ಎಲ್ಲಾ ಎಲ್ಲಿ ಹ್ವಾದ್ವೋ?" ಎಂದರು ಮಾಸ್ತರರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು ಎನಿಸಿತು. ಗಡಿಯ ಈ ಬದಿಯಲ್ಲಿ ಕನ್ನಡವನ್ನು ಉಳಿಸಿಕೊಳ್ಳಲು ಒಬ್ಬ ಮುದುಕ ಪಡುತ್ತಿದ್ದ ಶ್ರಮವನ್ನು ನನ್ನ ಅಜಾಗರೂಕತೆ ಅಳಿಸಿಹಾಕಿತ್ತು.

ಆ ರಾತ್ರಿ ಎಕ್ಲಿಪ್ಸ್‌ನಲ್ಲಿ ಹೆಸರು ಕಡತಕ್ಕೆ ಇಳಿಯುವ ಸಾಲಿಗೆ ಒಂದು ತಡೆಬಿಂದುವನ್ನು ಇಟ್ಟು ತಂತ್ರಾಂಶವನ್ನು ಓಡಿಸಿದೆ. ಓಟ ಅಲ್ಲಿ ನಿಂತಿತು. ಪಕ್ಕದ ಚೌಕದಲ್ಲಿ ಪುಸ್ತಕದ ಹೆಸರು ಅಚ್ಚ ಕನ್ನಡದಲ್ಲಿಯೇ ಇತ್ತು! ಒಂದು ಸಾಲು ಮುಂದೆ ಸರಿಸಿ ಕಡತವನ್ನು ತೆರೆದರೆ ಬರಿಯ ಪ್ರಶ್ನೆಗಳು. ಅಂದರೆ ಯಂತ್ರದ ನೆನಪಿನಲ್ಲಿ ಕನ್ನಡ ಸುರಕ್ಷಿತವಾಗಿತ್ತು. ಬರೆದಿಡುವ ಗಳಿಗೆಯಲ್ಲಿ ಕೆಡುತ್ತಿತ್ತು. ಯಾವ ಲಿಪಿಸಂಕೇತದಲ್ಲಿ ಬರೆಯಬೇಕೆಂದು ನಾನು ಹೇಳಿರಲಿಲ್ಲ. ಹೇಳದಿದ್ದರೆ ಆಗಿನ ಜಾವಾ ಆಯಾ ಯಂತ್ರದ ರೂಢಿಯನ್ನು ಹಿಡಿಯುತ್ತಿತ್ತು. ಕಾಲೇಜಿನ ಲಿನಕ್ಸ್ ಯಂತ್ರದ ರೂಢಿ ಯುಟಿಎಫ್-8. ವಾಚನಾಲಯದ ವಿಂಡೋಸ್‌ನದು ಪಶ್ಚಿಮ ಯೂರೋಪಿನ ಅಕ್ಷರಗಳದು. ಅದರಲ್ಲಿ ಕನ್ನಡಕ್ಕೆ ಸ್ಥಳವೇ ಇರಲಿಲ್ಲ. ಒಮ್ಮೆ ಪ್ರಶ್ನೆಯಾದ ಅಕ್ಷರ ಮರಳಿ ಅಕ್ಷರವಾಗದು.

ಇದೇ ತಪ್ಪು ಇನ್ನೆಲ್ಲಿದೆಯೆಂದು ಕೇಳಿದಾಗ ಎಕ್ಲಿಪ್ಸ್ ಮೂರು ಕಡೆ ಬೆರಳು ಮಾಡಿತು: ಪುಸ್ತಕ, ಸದಸ್ಯರು, ಎರವಲು. ಮೂರನ್ನೂ ತಿದ್ದಿ ಬೆಳಿಗ್ಗೆ ತಲೆತಗ್ಗಿಸಿ ನಿಂತೆ. ಮಾಸ್ತರರು ಕೈಬರಹದ ಹಳೆಯ ನೋಂದಣಿ ಪುಸ್ತಕವನ್ನು ತೆರೆದು, "ಇದು ಐತಲ್ಲಪಾ, ಮತ್ತ ಬರದ್ರಾತು" ಎಂದು ಕುಳಿತೇಬಿಟ್ಟರು.

2022ರಲ್ಲಿ ಬಂದ ಜಾವಾ 18ರಿಂದ ಯುಟಿಎಫ್-8 ಎಲ್ಲ ಯಂತ್ರಗಳಲ್ಲೂ ರೂಢಿಯಾಯಿತು. ಸುದ್ದಿ ಓದಿದಾಗ ಮಾಸ್ತರರು ಇರಲಿಲ್ಲ. ರಜೆಗೆ ಊರಿಗೆ ಬಂದವನು ಆ ಹಳೆಯ ಕೆಲಸವನ್ನು ಹೊಸ ಎಕ್ಲಿಪ್ಸ್‌ನಲ್ಲಿ ತೆರೆದೆ. ಎ, ಬಿ, ಎಕ್ಸ್1 ಎಂದು ನಾನಿಟ್ಟ ಹೆಸರುಗಳು ನನಗೇ ಅರ್ಥವಾಗಲಿಲ್ಲ. ಒಂದು ಕಡೆ ಹೆಸರು ಬದಲಿಸಿದರೆ ಅದು ಬಳಕೆಯಾದೆಡೆಯಲ್ಲೆಲ್ಲ ತಾನಾಗಿ ಬದಲಾಗುವ ಸೌಕರ್ಯ ಅಲ್ಲಿದೆ. ಮುಂದೆ ನೋಡಿಕೊಳ್ಳುವವರಿಗಾಗಿ ಒಂದೊಂದಕ್ಕೂ ತಿಳಿಯುವ ಹೆಸರಿಟ್ಟೆ.

ಕೊನೆಗೆ ಯಾದಿಯನ್ನು ತಾಳೆ ನೋಡಲು ಆ ನೋಂದಣಿ ಪುಸ್ತಕವನ್ನು ತೆಗೆದೆ. ಯಂತ್ರಕ್ಕೆ ತುಂಬಿದ ಪ್ರತಿ ಹೆಸರಿನ ಮುಂದೆ ಮಾಸ್ತರರು ಕೆಂಪು ಶಾಯಿಯಲ್ಲಿ ಒಂದು ಗುರುತು ಹಾಕಿದ್ದರು. ಮೊದಲ ನೂರಿಪ್ಪತ್ತು ಹೆಸರುಗಳ ಮುಂದೆ ಮಾತ್ರ ಎರಡೆರಡು ಗುರುತುಗಳಿದ್ದವು.