ಯೆಜ್ಡಿಗೊಂದು ತೊಗಲ ಸೀಟು

ಬೈಕಿನಲ್ಲಿ ನಮ್ಮ ಮೈ ಅತಿ ಹೆಚ್ಚು ಹೊತ್ತು ತಾಗಿಕೊಂಡಿರುವುದು ಸೀಟಿಗೆ. ಹ್ಯಾಂಡಲಿನಿಂದ ಆಗಾಗ ಒಂದು ಕೈ ತೆಗೆಯುತ್ತೇವೆ, ಬ್ರೇಕಿನ ಮೇಲಿಂದ ಕಾಲು ಎತ್ತುತ್ತೇವೆ; ಸೀಟು ಬಿಟ್ಟು ಏಳುವುದು ಊರು ಮುಟ್ಟಿದ ಮೇಲೆಯೇ. ಆದರೂ ನಾಲ್ಕು ಮಂದಿ ಬೈಕಿನವರು ಸೇರಿದ ಕಡೆ ನಡೆಯುವ ಮಾತು ಇಂಜಿನಿನದ್ದು, ಸೈಲೆನ್ಸರಿನದ್ದು, ಮೈಲೇಜಿನದ್ದು. ಸೀಟಿನ ಸುದ್ದಿ ಬರುವುದು ಸೊಂಟ ಹಿಡಿದ ಮೇಲೆ. ಹೋದ ಬೇಸಗೆಯಿಡೀ ನಾನು ಸೀಟಿನ ಹಿಂದೆ ಬಿದ್ದಿದ್ದೆ. ಮರ್ಕಂಜದ ನಮ್ಮ ಮನೆಯಂಗಳದಲ್ಲಿ ಒಂದು ಕಡೆ ಅಡಿಕೆ ಒಣಗುತ್ತಿದ್ದರೆ ಇನ್ನೊಂದು ಕಡೆ ಕೂತು, ಅಪ್ಪನ ಯೆಜ್ಡಿ ರೋಡ್‌ಕಿಂಗ್‌ಗೆ ತೊಗಲಿನ ಸೀಟು ಹೊಲಿದೆ. ನಾನು ಮಾಡಿದ ಮೊದಲ ಸೀಟು ಅದು. ಆ ಕೆಲಸದ ಸುಖ ಇನ್ನೂ ಕೈಬೆರಳಲ್ಲಿದೆ.

ಯೆಜ್ಡಿ ನಮ್ಮ ಕಡೆಗೆ ಪರಕೀಯ ಗಾಡಿಯಲ್ಲ. 1961ರಲ್ಲಿ ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ ಶುರುವಾಯಿತು. ಮೊದಲು ಚೆಕೊಸ್ಲೊವಾಕಿಯಾದ ಜಾವಾ ಹೆಸರಿನಲ್ಲಿ, ಆಮೇಲೆ ಯೆಜ್ಡಿ ಎಂಬ ಸ್ವಂತ ಹೆಸರಿನಲ್ಲಿ ಬೈಕುಗಳು ಅಲ್ಲಿಂದ ಹೊರಬಂದವು. 1996ರಲ್ಲಿ ಬಾಗಿಲು ಹಾಕಿತು. ಮೈಸೂರಿನಿಂದ ಹೊರಟು ಮಡಿಕೇರಿ ದಾಟಿ, ಸಂಪಾಜೆ ಘಾಟಿ ಇಳಿದರೆ ಸುಳ್ಯ. ಹೊಸ ಗಾಡಿಯನ್ನು ಆ ದಾರಿಯಲ್ಲೇ ಓಡಿಸಿಕೊಂಡು ಬಂದವರು ನಮ್ಮ ತಾಲೂಕಿನಲ್ಲಿ ಅನೇಕರು. ಒಂದೇ ಸಿಲಿಂಡರಿಗೆ ಎರಡು ಸೈಲೆನ್ಸರು, ಕಿಕ್ಕರಿಗೂ ಗೇರಿಗೂ ಒಂದೇ ಲಿವರು. ಕಿಕ್ ಹೊಡೆದ ಲಿವರನ್ನೇ ಮುಂದಕ್ಕೆ ಮಡಚಿ ಅದರಲ್ಲೇ ಗೇರ್ ಹಾಕುವ ಆ ಜಾಣ್ಮೆಯನ್ನು ಚಿಕ್ಕಂದಿನಲ್ಲಿ ನೋಡುತ್ತ ನಿಂತದ್ದು ನೆನಪಿದೆ. ಇಂಜಿನ್ ಈಗಲೂ ಗಟ್ಟಿಮುಟ್ಟಾಗಿದೆ. ಸೋತದ್ದು ಸೀಟು ಮಾತ್ರ.

ನಮ್ಮ ಮಳೆಗೆ ರೆಕ್ಸಿನ್ ಸೀಟು ಸೋಲುವುದು ಹೊಲಿಗೆಯಲ್ಲಿ. ರೆಕ್ಸಿನ್ ನೀರು ಕುಡಿಯುವುದಿಲ್ಲ, ಆದರೆ ಮಿಶಿನಿನ ಸೂಜಿ ಹೊಡೆದ ತೂತುಗಳು ಕುಡಿಯುತ್ತವೆ. ಒಳಗೆ ಹೋದ ನೀರಿಗೆ ಹೊರಬರಲು ದಾರಿಯಿಲ್ಲ. ಸ್ಪಂಜು ನೆನೆಯುತ್ತದೆ, ಅದರಡಿಯ ತಗಡು ತುಕ್ಕು ಹಿಡಿಯುತ್ತದೆ, ಬಿಸಿಲು ಬಿದ್ದ ದಿನ ಕೂತರೆ ಪ್ಯಾಂಟಿನ ಹಿಂಬದಿ ಒದ್ದೆ. ಬೇಸಗೆಯಲ್ಲಿ ಅದೇ ರೆಕ್ಸಿನ್ ಸುಟ್ಟ ಕಾವಲಿ. ಕುಶನ್ ಅಂಗಡಿಯವರು ಪ್ರತಿಸಲ ಹೊಸ ಹೊದಿಕೆ ಹಾಕಿ ಕೊಡುತ್ತಾರೆ, ಎರಡು ಮಳೆಗಾಲ ಕಳೆದರೆ ಮತ್ತೆ ಅದೇ ಪಾಡು. ಹಳೆಯ ಕಾಲದ ಬುಲೆಟ್ಟಿಗೆ, ಅಜ್ಜಂದಿರ ಸೈಕಲ್ಲಿಗೆ ತೊಗಲಿನ ಸೀಟು ಇರುತ್ತಿತ್ತು. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ 1866ರಲ್ಲಿ ಹುಟ್ಟಿದ ಬ್ರೂಕ್ಸ್ ಕಂಪನಿ ಇವತ್ತಿಗೂ ಅಂಥ ಸೈಕಲ್ ಸೀಟು ಮಾಡುತ್ತದೆ. ಅದರಲ್ಲಿ ಸ್ಪಂಜೇ ಇಲ್ಲ. ದಪ್ಪ ತೊಗಲನ್ನು ಹಿಂದೆ ಮುಂದೆ ಬಿಗಿದು ಕಟ್ಟಿರುತ್ತಾರೆ, ಕೂತವನ ಭಾರಕ್ಕೆ ಅದು ನಿಧಾನವಾಗಿ ಅವನ ಮೈಯ ಆಕಾರ ತಾಳುತ್ತದೆ. ಒಬ್ಬನಿಗೆ ಒಗ್ಗಿದ ಸೀಟು ಇನ್ನೊಬ್ಬನಿಗೆ ಹಿಡಿಸುವುದಿಲ್ಲ. ಆ ಗುಣ ನನ್ನನ್ನು ಸೆಳೆಯಿತು.

ತೊಗಲುಗಳಲ್ಲಿ ಎರಡು ಜಾತಿ. ಕ್ರೋಮಿಯಂ ಉಪ್ಪಿನಲ್ಲಿ ಹದ ಮಾಡಿದ್ದು ಬೇಗ ಸಿದ್ಧವಾಗುತ್ತದೆ, ಮೆತ್ತಗಿರುತ್ತದೆ, ಬ್ಯಾಗು ಬೂಟುಗಳಿಗೆಲ್ಲ ಹೆಚ್ಚಾಗಿ ಅದೇ. ಮರದ ತೊಗಟೆ, ಕಾಯಿಗಳ ಚೊಗರಿನಲ್ಲಿ ವಾರಗಟ್ಟಲೆ ನೆನೆದು ಹದವಾದದ್ದು ಇನ್ನೊಂದು. ತಮಿಳುನಾಡಿನ ದಿಂಡಿಗಲ್, ಈರೋಡು, ತಿರುಚ್ಚಿಯ ಕಡೆ ಈ ಹದಕ್ಕೆ ಹಳೆಯ ಹೆಸರಿದೆ. ಹಿಂದೆ ತಂಗಡಿ ಗಿಡದ ತೊಗಟೆ, ಅಳಲೆಕಾಯಿ. ಆಮೇಲೆ ವ್ಯಾಟಲ್ ಮರದ ತೊಗಟೆಯೂ ಸೇರಿತು. ಒದ್ದೆ ಮಾಡಿ ಒತ್ತಿದ ಆಕಾರವನ್ನು ಒಣಗಿದ ಮೇಲೂ ಬಿಡದೆ ಹಿಡಿದಿಟ್ಟುಕೊಳ್ಳುವುದು ಈ ಎರಡನೆಯದು ಮಾತ್ರ. ಸೀಟಿಗೆ ಬೇಕಾದದ್ದು ಅದೇ. ಎಮ್ಮೆಯ ತೊಗಲು ತರಿಸಿದೆ. ದಪ್ಪವನ್ನು ಈ ಕಸುಬಿನವರು ಔನ್ಸಿನಲ್ಲಿ ಹೇಳುತ್ತಾರೆ. ಒಂದು ಔನ್ಸ್ ಎಂದರೆ ಇಂಚಿನ 64ನೇ ಒಂದು ಪಾಲು, ಸುಮಾರು 0.4 ಮಿಲಿಮೀಟರ್. ನನ್ನದು 8 ಔನ್ಸಿನದು, ಮೂರು ಮಿಲಿಮೀಟರಿಗಿಂತ ತುಸು ಹೆಚ್ಚು. ಬೆನ್ನಿನ ಭಾಗ ಬಿಗಿ, ಹೊಟ್ಟೆಯ ಭಾಗ ಸಡಿಲ ಮತ್ತು ಎಳೆದತ್ತ ಹಿಗ್ಗುವಂಥದ್ದು. ಸೀಟಿನ ಮೇಲ್ಭಾಗವನ್ನು ಬೆನ್ನಿನಿಂದಲೇ ಕತ್ತರಿಸಬೇಕು, ಇಲ್ಲದಿದ್ದರೆ ವರ್ಷ ಕಳೆಯುವಷ್ಟರಲ್ಲಿ ಜೋಲುತ್ತದೆ.

ವೆಲ್ಡಿಂಗ್ ಶಾಪಿನಲ್ಲಿ ತಗಡು ಬಗ್ಗಿಸಿ ತಂದದ್ದು, ಅದರ ಮೇಲೆ ಗಟ್ಟಿ ಸ್ಪಂಜು ಅಂಟಿಸಿ ಹ್ಯಾಕ್ಸಾ ಬ್ಲೇಡಿನಲ್ಲಿ ಕೆತ್ತಿದ್ದು ಬೇಗ ಮುಗಿದ ಕೆಲಸ. ಎಲ್ಲಿ ಎಷ್ಟು ಕೆತ್ತಬೇಕು ಎಂದು ತಿಳಿಯಲು ಪೆಟ್ಟಿಗೆಯ ರಟ್ಟಿನ ಮೇಲೆ ಸ್ವಲ್ಪ ಹೊತ್ತು ಕೂತು ಎದ್ದೆ. ಕೂತಾಗ ಭಾರ ಹೊರುವ ಎರಡು ಎಲುಬುಗಳ ಗುರುತು ರಟ್ಟಿನಲ್ಲಿ ಎರಡು ತಗ್ಗಾಗಿ ಮೂಡುತ್ತದೆ. ಅವುಗಳ ನಡುವಿನ ಅಂತರವೇ ಸೀಟಿನ ಅಗಲಕ್ಕೆ ಆಧಾರ.

ನಿಜವಾದ ರುಚಿ ಹತ್ತಿದ್ದು ಅಚ್ಚು ತೆಗೆಯುವಾಗ. ಕಾಗದದ ಅಚ್ಚು ಉಬ್ಬುತಗ್ಗಿನ ಮೇಲೆ ಕೂರುವುದಿಲ್ಲ, ಸುಕ್ಕುಗಟ್ಟುತ್ತದೆ. ಬಟ್ಟೆ ತೀರಾ ಬಾಗುತ್ತದೆ. ಆಗ ಕಣ್ಣಿಗೆ ಬಿದ್ದದ್ದು ತೋಟದ ಅಡಿಕೆ ಹಾಳೆ. ನಮ್ಮ ಊರಿನ ಹಿರಿಯರು ಹಾಳೆಯಿಂದ ಮುಟ್ಟಾಳೆ ಕಟ್ಟುವುದನ್ನು ನೋಡಿಯೇ ಬೆಳೆದವರು ನಾವು. ಬಿದ್ದ ಹಾಳೆಯನ್ನು ನೀರಿನಲ್ಲಿ ನೆನೆಹಾಕಿ, ಮೆತ್ತಗಾದಾಗ ನಿರಿಗೆ ಮಡಚಿ ಹೊಲಿದು ಒಣಗಲು ಬಿಟ್ಟರೆ, ಆ ಟೊಪ್ಪಿ ಮತ್ತೆ ಆಕಾರ ಬಿಡುವುದಿಲ್ಲ. ಅಗಲವಾದ ಎರಡು ಹಾಳೆ ನೆನೆಸಿ ಸ್ಪಂಜಿನ ಮೇಲೆ ಹೊದೆಸಿ, ಸುತ್ತ ಹಗ್ಗ ಬಿಗಿದು ಬಿಸಿಲಿಗಿಟ್ಟೆ. ಒಣಗಿದ ಮೇಲೆ ಅದು ಸೀಟಿನ ಚಿಪ್ಪಾಗಿತ್ತು! ಹೊಲಿಗೆ ಎಲ್ಲಿ ಬರಬೇಕು, ಎಲ್ಲಿ ತೊಗಲು ಹಿಗ್ಗಬೇಕು, ಎಲ್ಲಿ ಕುಗ್ಗಬೇಕು ಎಂಬುದನ್ನೆಲ್ಲ ಅದರ ಮೇಲೆಯೇ ಪೆನ್ಸಿಲಿನಲ್ಲಿ ಗೀಚಿ, ಕತ್ತರಿಸಿ, ತೊಗಲಿನ ಮೇಲಿಟ್ಟು ಗೆರೆ ಎಳೆದೆ. ಇಷ್ಟು ಒಳ್ಳೆಯ ಅಚ್ಚು ಹಾಳೆಯೇ ಇಲ್ಲದ ಊರಿನವರಿಗೆ ಎಲ್ಲಿ ಸಿಗಬೇಕು?

ತೊಗಲನ್ನು ನೀರಿಗೆ ಹಾಕಿದರೆ ಸಣ್ಣ ಗುಳ್ಳೆಗಳು ಏಳುತ್ತವೆ. ಗುಳ್ಳೆ ನಿಂತಾಗ ತೆಗೆದು, ಹಳೆಯ ಬೈರಾಸಿನಲ್ಲಿ ಸುತ್ತಿ ರಾತ್ರಿಯಿಡೀ ಬಿಡಬೇಕು. ಒಳಹೊರಗೆಲ್ಲ ತೇವ ಸಮವಾಗಿ ಹರಡಿಕೊಳ್ಳಲು ಅಷ್ಟು ಹೊತ್ತು ಬೇಕು. ಬೆಳಿಗ್ಗೆ ಬಿಚ್ಚಿಟ್ಟರೆ ಗಾಢವಾಗಿದ್ದ ಬಣ್ಣ ನಿಧಾನಕ್ಕೆ ತಿಳಿಯಾಗುತ್ತ ಬರುತ್ತದೆ. ಮೂಲದ ಬಣ್ಣ ಮರಳತೊಡಗಿ, ಕೈಗೆ ಮಾತ್ರ ಇನ್ನೂ ತಂಪು ತಾಗುವ ಒಂದು ಹೊತ್ತಿದೆ. ಅದೇ ಹದ. ಆ ಹೊತ್ತಿನಲ್ಲಿ ಹೆಬ್ಬೆರಳು ಒತ್ತಿದ ಕಡೆ ತೊಗಲು ತಗ್ಗುತ್ತದೆ, ಎಳೆದ ಕಡೆ ಬರುತ್ತದೆ, ಉಗುರು ತಾಗಿದರೂ ಗುರುತು ಉಳಿಯುತ್ತದೆ. ನಡುವಿನಿಂದ ಅಂಚಿಗೆ, ಅಂಗೈಯಿಂದ ನೂಕುತ್ತ, ಮರದ ಸೌಟಿನ ಬೆನ್ನಿನಿಂದ ಉಜ್ಜುತ್ತ ಹೋಗಬೇಕು. ಅವಸರ ಮಾಡಿದರೆ ಮೂಲೆಗಳಲ್ಲಿ ಸುಕ್ಕು ನಿಲ್ಲುತ್ತದೆ. ಬಿಗಿಯಲು ಕಬ್ಬಿಣದ ಮೊಳೆ ಕೂಡದು, ಹಿತ್ತಾಳೆಯದೇ ಆಗಬೇಕು. ಕಾರಣ ಮುಂದೆ ಹೇಳುತ್ತೇನೆ. ಒಣಗಿಸುವುದು ನೆರಳಲ್ಲಿ, ಗಾಳಿಯಾಡುವ ಅಟ್ಟದಲ್ಲಿ. ಬೆಂಕಿಯ ಬಳಿ ಇಟ್ಟರೆ ತೊಗಲು ಮುದುಡಿ ಮರದಂತೆ ಬಿರುಸಾಗುತ್ತದೆ, ಮತ್ತೆ ಸರಿಯಾಗುವುದಿಲ್ಲ.

ಹೊಲಿಗೆ ಕಲಿಸಿದವರು ಸುಳ್ಯದ ಪೇಟೆಯಲ್ಲಿ ಕೊಡೆಯಡಿ ಕೂತು ಚಪ್ಪಲಿ ಹೊಲಿಯುವ ಹಿರಿಯರೊಬ್ಬರು. ಎರಡು ತುಂಡು ತೊಗಲು ಹಿಡಿದುಕೊಂಡು ಹೋಗಿ ಪಕ್ಕದಲ್ಲಿ ಕೂತೆ. ಅವರು ತುಂಡನ್ನು ಬಗ್ಗಿಸಿ, ಮೂಸಿ, ಅಂಚು ನೋಡಿ, “ಒಳ್ಳೆ ಮಾಲು. ಎಂತ ಮಾಡ್ಲಿಕ್ಕೆ ಇದು?” ಎಂದರು. ಬೈಕಿನ ಸೀಟು ಎಂದಾಗ, “ಹಾಗಾದ್ರೆ ಎರಡು ಸೂಜಿಯಲ್ಲೇ ಹೊಲಿಬೇಕು” ಎಂದು ನೂಲಿನ ಎರಡೂ ತುದಿಗೆ ಸೂಜಿ ಪೋಣಿಸಿ ತೋರಿಸಿದರು. ಒಂದೇ ತೂತಿನಲ್ಲಿ ಆಚೆಯಿಂದೊಂದು, ಈಚೆಯಿಂದೊಂದು ಸೂಜಿ ದಾಟುತ್ತದೆ. ಮಿಶಿನಿನ ಹೊಲಿಗೆಯಲ್ಲಿ ಒಂದು ಕಡೆ ನೂಲು ಕಡಿದರೆ ಸಾಲೇ ಬಿಚ್ಚುತ್ತ ಹೋಗುತ್ತದೆ. ಇದರಲ್ಲಿ ಒಂದು ನೂಲು ಸವೆದರೂ ಇನ್ನೊಂದು ಅಷ್ಟೂ ತೂತುಗಳನ್ನು ಹಿಡಿದು ನಿಲ್ಲುತ್ತದೆ. ಕುದುರೆಯ ಜೀನನ್ನು ಕೈಯಲ್ಲಿ ಹೊಲಿಯುವುದೂ ಹೀಗೆಯೇ. ನಾನು ಬಲವಾಗಿ ಜಗ್ಗುವುದನ್ನು ನೋಡಿ ಅವರು ಕೈ ಹಿಡಿದರು. “ನೂಲು ಎಳಿಬೇಡಿ, ಕೂರಿಸಿ.” ತೊಗಲಿನ ಮೈಯೊಳಕ್ಕೆ ನೂಲು ಇಳಿದು ಕೂರುವಷ್ಟು ಮಾತ್ರ ಬಿಗಿ. ಅದಕ್ಕಿಂತ ಹೆಚ್ಚಾದರೆ ನೂಲೇ ತೊಗಲನ್ನು ಕೊಯ್ಯುತ್ತದೆ.

ಅವರ ಕೈ ನೋಡುತ್ತ ಕೂತಾಗ ಮನಸ್ಸಿಗೆ ಬಂದದ್ದನ್ನೂ ಇಲ್ಲಿ ಹೇಳಲೇಬೇಕು. ಶರಣರಲ್ಲಿ ಮಾದಾರ ಚೆನ್ನಯ್ಯ ಇದ್ದ, ಹರಳಯ್ಯ ಇದ್ದ. ಹರಳಯ್ಯ ದಂಪತಿ ತಮ್ಮ ತೊಡೆಯ ಚರ್ಮದಿಂದ ಬಸವಣ್ಣನಿಗೆ ಚಮ್ಮಾವುಗೆ ಮಾಡಿದ ಕತೆಯನ್ನು ಕನ್ನಡ ನಾಡಿನಲ್ಲಿ ಕೇಳದವರಿಲ್ಲ. ಕತೆಗೆ ಕೈಮುಗಿದವರೇ ಕಸುಬನ್ನೂ ಕಸುಬುದಾರರನ್ನೂ ಹೊಸ್ತಿಲಾಚೆ ಇಟ್ಟರು. ಹೀಗೆ ದೂರವಿಟ್ಟದ್ದರಿಂದ ಕಸುಬುದಾರರಿಗೆ ಆದ ಅನ್ಯಾಯ ಎಷ್ಟು ದೊಡ್ಡದು ಎಂಬುದು ಗೊತ್ತಿರುವಂಥದ್ದೇ. ಜೊತೆಗೆ ನಮ್ಮಂಥ ತೋಟದ ಮನೆಗಳು ಎಂಥ ವಿದ್ಯೆಯನ್ನು ಕೈಗೆ ತಾಗಗೊಡದೆ ಕಳೆದುಕೊಂಡವು ಎಂಬುದು ನನಗೆ ಅರ್ಥವಾದದ್ದು ಆ ಕೊಡೆಯಡಿಯಲ್ಲಿ. ಅವರನ್ನು ನಾನು ಗುರು ಎಂದೇ ಕರೆಯುತ್ತೇನೆ.

ನೂಲಿಗೆ ಮೇಣ ತಿಕ್ಕಿದ್ದು ಮನೆಯ ತುಡುವೆ ಜೇನಿನದು. ಹಳೆಯ ಎರಿ ಕರಗಿಸಿ ಸೋಸಿದರೆ ಹಳದಿ ಮೇಣದ ಬಿಲ್ಲೆ ಸಿಗುತ್ತದೆ. ನೂಲನ್ನು ಅದರ ಮೇಲೆ ಹಾಯಿಸಿದರೆ ಬಿಗಿದ ಹೊಲಿಗೆ ಜಾರುವುದಿಲ್ಲ, ತೂತಿನೊಳಗೆ ನೀರು ಇಳಿಯುವುದಿಲ್ಲ. ಹೊಲಿಗೆಯ ಉದ್ದದ ನಾಲ್ಕು ಪಟ್ಟು ನೂಲು ಮೊದಲೇ ತುಂಡರಿಸಿಟ್ಟುಕೊಳ್ಳಬೇಕು, ನಡುವೆ ಗಂಟು ಹಾಕುವಂತಿಲ್ಲ.

ಇನ್ನು ಕಬ್ಬಿಣದ ಮಾತು. ಎಳೆ ಅಡಿಕೆ ಕೊಯ್ದ ಕತ್ತಿಯ ಅಲಗು ಕಪ್ಪಾಗುವುದು ನಮಗೆಲ್ಲ ಗೊತ್ತು. ಅಡಿಕೆಯ ಚೊಗರಿನಲ್ಲಿರುವ ಟ್ಯಾನಿನ್ ಕಬ್ಬಿಣದ ಜೊತೆ ಸೇರಿದರೆ ಕಪ್ಪು ಹುಟ್ಟುತ್ತದೆ. ತೊಗಟೆಯಲ್ಲಿ ಹದವಾದ ತೊಗಲಿನ ತುಂಬ ಅದೇ ಟ್ಯಾನಿನ್. ಆದ್ದರಿಂದಲೇ ಒದ್ದೆ ತೊಗಲಿಗೆ ಕಬ್ಬಿಣದ ಮೊಳೆ ತಾಗಿದರೆ ಅಳಿಸಲಾಗದ ಕಲೆ. ಆದರೆ ಪೂರ್ತಿ ಕಪ್ಪು ಬೇಕೆಂದರೆ ಈ ಗುಣವೇ ವರ. ಶ್ರೀಕಾಳಹಸ್ತಿಯ ಕಲಂಕಾರಿಯವರು ತುಕ್ಕು ಕಬ್ಬಿಣವನ್ನು ಬೆಲ್ಲದ ನೀರಿನಲ್ಲಿ ಕೊಳೆಹಾಕಿ, ಅಳಲೆಕಾಯಿ ಚೊಗರು ಹಿಡಿಸಿದ ಬಟ್ಟೆಯ ಮೇಲೆ ಕಪ್ಪು ಗೆರೆ ಬರೆಯುವುದೂ ಇದರಿಂದಲೇ. ನಾನು ತುಕ್ಕು ಮೊಳೆಗಳನ್ನು ವಿನೆಗರಿನಲ್ಲಿ ಮುಳುಗಿಸಿ, ಮುಚ್ಚಳ ಸಡಿಲ ಬಿಟ್ಟು, ಹಟ್ಟಿಯ ಮೂಲೆಯಲ್ಲಿಟ್ಟೆ. ಸೀಟಿಗೆ ಮೊದಲು ಎಳೆ ಅಡಿಕೆ ಜಜ್ಜಿ ಕುದಿಸಿದ ನೀರು ಬಳಿದೆ, ಟ್ಯಾನಿನ್ ಇನ್ನಷ್ಟು ಇರಲಿ ಎಂದು. ಅದು ಆರಿದ ಮೇಲೆ ಕಬ್ಬಿಣದ ನೀರಿನಲ್ಲಿ ಅದ್ದಿದ ಬಟ್ಟೆ ಎಳೆದೆ. ಮೊದಲು ಬೂದಿ, ಮರುಕ್ಷಣ ನೀಲಿ ಛಾಯೆ, ನೋಡನೋಡುತ್ತಿದ್ದಂತೆ ಕಡುಗಪ್ಪು! ಅಮ್ಮ ಅಡುಗೆಮನೆ ಬಿಟ್ಟು ಬಂದು ಎರಡನೆಯ ಬದಿಗೆ ಬಳಿಯುವುದನ್ನು ನಿಂತು ನೋಡಿದರು. ಇದು ಮೇಲೆ ಹಚ್ಚಿದ ಬಣ್ಣವಲ್ಲ, ತೊಗಲೇ ಕಪ್ಪಾದದ್ದು. ಮಳೆಯಲ್ಲಿ ನೆನೆದು ಕೂತರೂ ಬಿಳಿ ಪಂಚೆಗೆ ಹತ್ತುವುದಿಲ್ಲ. ಕೊನೆಗೆ ಸೋಡಾಪುಡಿ ಕಲಸಿದ ನೀರಿನಲ್ಲಿ ಒರೆಸಿ ಹುಳಿಯನ್ನು ಕಳೆಯಬೇಕು. ಹುಳಿ ಉಳಿದರೆ ತೊಗಲು ಕಾಲಕ್ರಮದಲ್ಲಿ ಬಿರಿಯುತ್ತದೆ.

ಹರಳೆಣ್ಣೆಯಲ್ಲಿ ಜೇನುಮೇಣ ಕರಗಿಸಿ ಹಚ್ಚಿದ್ದು ಕೊನೆಯ ಕೆಲಸ. ಎಣ್ಣೆ ಹೆಚ್ಚಾದರೆ ತೊಗಲು ಬಿಗಿ ಕಳೆದುಕೊಳ್ಳುತ್ತದೆ, ಕಡಿಮೆಯಾದರೆ ಮಡಿಕೆಯಲ್ಲಿ ಸೀಳುತ್ತದೆ. ತೆಳುವಾಗಿ ಹಚ್ಚಿ, ಅದು ಕುಡಿದು ಮುಗಿಸಿದ ಮೇಲೆ ಮತ್ತೆ ತೆಳುವಾಗಿ. ಅಂಚುಗಳನ್ನು ನುಣುಪು ಮರದ ತುಂಡಿನಿಂದ ಉಜ್ಜುತ್ತ ಉಜ್ಜುತ್ತ ಹೋದರೆ ಎಳೆಗಳೆಲ್ಲ ಒಂದಕ್ಕೊಂದು ಕೂಡಿಕೊಂಡು ಹೊಳಪು ಬರುತ್ತದೆ. ಅದೊಂದು ಕೆಲಸವನ್ನು ನಾನು ಬೇಕೆಂದೇ ಎಳೆದೆ.

ಮೊದಲ ಸವಾರಿ ಎಲಿಮಲೆಗೆ. ಹೊಸ ತೊಗಲು ಬಿರುಸಾಗಿರುತ್ತದೆ, ತಿರುವಿನಲ್ಲಿ ವಾಲಿದಾಗ ಕಿರ್ ಎನ್ನುತ್ತದೆ. ಓಡಿಸಿದಂತೆಲ್ಲ ಅದು ನನ್ನ ಭಾರಕ್ಕೆ ಬಗ್ಗಿ, ಈಗ ಎರಡು ಮೆಲುವಾದ ತಗ್ಗು ಮೂಡಿವೆ. ಸುಳ್ಯಕ್ಕೆ ಹೋಗಿ ಬಂದರೂ ಸೊಂಟ ಸುದ್ದಿ ಹೇಳುವುದಿಲ್ಲ. ಗುರುಗಳು ಸೀಟಿನ ಹೊಲಿಗೆಯ ಮೇಲೆ ಹೆಬ್ಬೆರಳು ಓಡಿಸಿ, ಹಿಂದಿನ ಮೂಲೆಯಲ್ಲಿ ನಿಲ್ಲಿಸಿ, “ಇಲ್ಲಿ ತೂತು ಸ್ವಲ್ಪ ಹತ್ತಿರ ಹತ್ತಿರ ಹಾಕಿದ್ರೆ ಇನ್ನೂ ಗಟ್ಟಿ” ಎಂದರು. ಆಟಿಯ ಮಳೆಯಲ್ಲಿ ಬೂಸ್ಟು ಬಾರದಂತೆ ವಾರಕ್ಕೊಮ್ಮೆ ಒಣಬಟ್ಟೆಯಲ್ಲಿ ಒರೆಸಿ ಕೈಗೆ ಹತ್ತುವಷ್ಟೇ ಮೇಣ ತಿಕ್ಕಿದೆ. ಹೊಲಿಗೆಯಿಂದ ಹನಿ ನೀರೂ ಒಳಗಿಳಿಯಲಿಲ್ಲ.

ಪಕ್ಕದ ಮನೆಯ ಅಣ್ಣನಿಗೆ ತಮ್ಮ ಬುಲೆಟ್ಟಿಗೂ ಇಂಥದ್ದೊಂದು ಬೇಕಂತೆ. ಬಣ್ಣ ಕಪ್ಪು ಬೇಡ, ತೊಗಲಿನ ಬಣ್ಣವೇ ಇರಲಿ ಎಂದಿದ್ದಾರೆ. ದೀಪಾವಳಿ ಕಳೆದು ಗಾಳಿ ಒಣಗಲಿ, ಆಮೇಲೆ ಶುರುಮಾಡುವ ಎಂದು ಹೇಳಿದ್ದೇನೆ. ಹಾಳೆಗಳನ್ನು ಮಾತ್ರ ಈಗಲೇ ಆರಿಸಿಡುತ್ತಿದ್ದೇನೆ. ಅವರದ್ದು ಅಗಲವಾದ ಸೀಟು.